ಏಳು ಗಂಟೆ ಹತ್ತು ನಿಮಿಷ

ನನ್ನ ತಂಗಿಯ ಮೊದಲ ಹೆರಿಗೆಯಲ್ಲಿ ನಾನೊಂದು ಸುಳ್ಳು ಹೇಳಿದೆ. ಹಾಗೆ ನೋಡಿದರೆ ಸುಳ್ಳು ನನಗೆ ಒಗ್ಗುವುದಿಲ್ಲ. ನೆಂಟರು ಬಂದಾಗ ಮಜ್ಜಿಗೆಗೆ ನೀರು ಜಾಸ್ತಿಯಾಗಿದ್ದರೆ ಜಾಸ್ತಿಯಾಗಿದೆ ಅಂತ ನಾನೇ ಹೇಳಿಬಿಡುತ್ತೇನೆ, ಮನೆಯವರು ಆಮೇಲೆ ಬೈಯುತ್ತಾರೆ. ಆದರೆ ಆವತ್ತು ಹೇಳಿದೆ. ಅದೂ ಎಷ್ಟು ಅಚ್ಚುಕಟ್ಟಾಗಿ ಅಂದರೆ, ಬರೆದುಕೊಂಡ ನರ್ಸಮ್ಮ ನನ್ನನ್ನು ಹೊಗಳಿದರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮದುವೆಯಾಗಿ ಗುಬ್ಬಿಯಲ್ಲಿದ್ದೆ. ಮನೆಯವರು ಅಲ್ಲಿ ಸ್ಕೂಲು ಮೇಷ್ಟ್ರು. ತವರು ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಬೆಟ್ಟದ ಬುಡದ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ರಾಗಿ ಹೊಲ, ತೆಂಗು, ಎರಡು ಎಮ್ಮೆ, ಎಲ್ಲದರ ಯಜಮಾನಿಕೆಯೂ ಅವ್ವಂದೇ. ತಂಗಿಯನ್ನು ಬೆಳ್ಳಾವಿಗೆ ಕೊಟ್ಟಿದ್ದೆವು, ಗಂಡ ಕರೆಂಟು ಲೈನ್‌ಮನ್. ಚೊಚ್ಚಲು ಅಂತ ಅವಳು ಅವ್ವನ ಮನೆಗೆ ಬಂದಿದ್ದಳು. ಅವ್ವನಿಗೆ ಕೈಜೋಡಿಸಲು ನಾನೂ ಹೋಗಿದ್ದೆ.

ಒಂದು ಶುಕ್ರವಾರ ಬೆಳಗ್ಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ನಾನು ಹೊಸಿಲು ತೊಳೆದು ಅರಿಸಿನ ಹಚ್ಚುತ್ತಿದ್ದೆ. ತಂಗಿ ಹಿತ್ತಲಿಂದ ಕೂಗಿದಳು. ಹೋಗಿ ನೋಡಿದರೆ ಸೀರೆಯೆಲ್ಲ ಒದ್ದೆ, ನೀರು ಕಾಲಗುಂಟ ಇಳಿಯುತ್ತಿದೆ. ನೋವು ಮಾತ್ರ ಇಲ್ಲ. ಅವಳು ನಾಚಿಕೆಯಿಂದ, "ಅಕ್ಕಾ, ನಂಗೇ ಗೊತ್ತಾಗ್ಲಿಲ್ಲ ಕಣೇ," ಅಂದಳು.

"ಅವ್ವಾ, ಆಸ್ಪತ್ರೆಗೆ ಹೋಗಾಣ," ಅಂದೆ.

ಅವ್ವ ಎಮ್ಮೆ ಕೆಚ್ಚಲು ಬಿಟ್ಟು ಏಳಲಿಲ್ಲ. "ಇವತ್ತು ಯಾವ ವಾರ? ಶುಕ್ರವಾರ ಮನೆಮಗಳನ್ನ ಹೊಸಿಲು ದಾಟ್ಸಿ ಕಳಿಸ್ತಾರೇನೇ ಯಾರಾದ್ರೂ? ನೋವೇ ಬಂದಿಲ್ಲ. ಆಸ್ಪತ್ರೆಗೋಗಿ ಏನ್ ಮಾಡ್ತೀಯ, ನರ್ಸಮ್ಮನ ಮುಖ ನೋಡ್ಕೊಂಡು ಕೂತ್ಕೋತೀಯಾ?"

ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ತವರಿನಿಂದ ಕಳಿಸಿದರೆ ಮನೆಯ ಲಕ್ಷ್ಮಿ ಅವರ ಹಿಂದೆಯೇ ಹೊರಟುಹೋಗುತ್ತಾಳೆ ಅನ್ನುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಮಾತು. ನಾನೂ ಎಷ್ಟೋ ಸಲ ಗುರುವಾರವೇ ಗಂಟುಮೂಟೆ ಕಟ್ಟಿಕೊಂಡು ಹೊರಟವಳು, ಇಲ್ಲವೇ ಶನಿವಾರದವರೆಗೆ ನಿಂತವಳು. ಹಾಗಾಗಿ ಅವ್ವನ ಮಾತು ನನಗೆ ವಿಚಿತ್ರ ಅನ್ನಿಸಲೇ ಇಲ್ಲ. ಆದರೂ, "ನೀರು ಹೋಗಿದ್ಯಲ್ಲವ್ವಾ?" ಅಂದೆ.

"ಹೋದ್ರೇನಾಯ್ತು? ನಿನ್ನ ಹೆರೋವಾಗ ನಂಗೆ ಎರಡು ದಿನ ಮುಂಚೆ ಹೋಗಿತ್ತು. ನೀನೇನು ಸತ್ತೋದ್ಯಾ? ಗುಂಡ್ಕಲ್ಲಂಗೆ ನಿಂತಿದೀಯಲ್ಲ ಮುಂದೆ."

ತಂಗಿ ನಕ್ಕಳು. ನಾನೂ ನಕ್ಕೆ.

ಮಧ್ಯಾಹ್ನ ಅವ್ವ ಪಕ್ಕದ ಬೀದಿಯ ಸೂಲಗಿತ್ತಿ ಅಜ್ಜಿಯನ್ನು ಕರೆಸಿದಳು. ಬೆರಣಿ ತಟ್ಟುತ್ತಿದ್ದ ಅಜ್ಜಿ ಕೈಯನ್ನು ಬಾನಿಯಲ್ಲಿ ಅದ್ದಿ, ಸೆರಗಿಗೆ ಒರೆಸಿಕೊಂಡು ಬಂದಳು. ಹರಳೆಣ್ಣೆ ಸವರಿಕೊಂಡು ಒಳಗೆ ಕೈಹಾಕಿ ನೋಡಿ, "ಇನ್ನೂ ಟೈಮದೆ," ಅಂದಳು. ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ ಬಂದು ಇನ್ನೊಮ್ಮೆ ನೋಡಿದಳು. ಎರಡು ಸಲವೂ ಎಣ್ಣೆ ಬಟ್ಟಲು ಹಿಡಿದುಕೊಂಡು ನಿಂತಿದ್ದವಳು ನಾನು. ಹಳೇ ಸೀರೆ ಹರಿದು ಮಡಿಕೆ ಮಾಡಿ ಕೊಟ್ಟವಳೂ ನಾನೇ. ಆ ಬಟ್ಟೆಗಳು ಎಲ್ಲಿದ್ದವು ಅಂತಲೂ ನೆನಪಿದೆ. ಅಟ್ಟದ ಮೇಲೆ, ಇಲಿ ಓಡಾಡುವ ಬುಟ್ಟಿಯಲ್ಲಿ.

ಶನಿವಾರ ಬೆಳಗ್ಗೆ ಸಣ್ಣಗೆ ನೋವು ಶುರುವಾಯಿತು. ಬಸ್ಸು ಹತ್ತಿದೆವು. ಕುಣಿಗಲ್ ಹತ್ತಿರ ಬರುತ್ತಿದ್ದ ಹಾಗೆ ಅವ್ವ ನನ್ನ ಕಿವಿಗೆ ಬಾಯಿ ತಂದಳು.

"ನಿನ್ನೇಲಿಂದ ಅಂತ ಬಾಯ್ಬಿಡಬ್ಯಾಡ. ನಿನ್ನೇಲಿಂದ ಏನು ಕಡ್ಲೇಕಾಯಿ ಸುಲೀತಿದ್ರಾ ಅಂತ ಉಗೀತಾರೆ. ನಮ್ಮ ಕೈಲಾಗಲ್ಲ ಅಂದ್ಬುಟ್ಟು ತುಮಕೂರಿಗೆ ಓಡಿಸ್ತಾರೆ. ಇವಳನ್ನ ಇನ್ನೆಲ್ಲಿ ಎಳ್ಕೊಂಡು ಹೋಗಾಣ? ನೀನು ಓದಿದೋಳು, ನೀನೇ ಮಾತಾಡು."

ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ ಅನ್ನುವ ಒಂದೇ ಕಾರಣಕ್ಕೆ ಬ್ಯಾಂಕು, ಆಫೀಸು, ಆಸ್ಪತ್ರೆ ಎಲ್ಲ ಕಡೆ ಮಾತಾಡುವವಳು ನಾನೇ ಆಗಿದ್ದೆ. ಅದರ ಜಂಬವೂ ಇತ್ತು ಅನ್ನಿ.

ಆಸ್ಪತ್ರೆಯಲ್ಲಿ ನರ್ಸಮ್ಮ ಪೆನ್ನು ಹಿಡಿದು ಕೇಳಿದರು. "ನೀರು ಯಾವಾಗ ಹೋಯ್ತು?"

ಅವ್ವ ಹಿಂದಿನಿಂದ ನನ್ನ ಬೆನ್ನಿಗೆ ಬೆರಳು ಒತ್ತಿದಳು. ನಾನು ಹೇಳಿದೆ: "ಇವತ್ತು ಬೆಳಗ್ಗೆ ಸಿಸ್ಟರ್. ಏಳು ಗಂಟೆ ಹತ್ತು ನಿಮಿಷ. ರೇಡಿಯೋದಲ್ಲಿ ವಾರ್ತೆ ಬರ್ತಿತ್ತು."

ಅವ್ವನ ಮನೆಯಲ್ಲಿ ರೇಡಿಯೋನೇ ಇರಲಿಲ್ಲ. ನನ್ನ ಬಾಯಿಗೆ ಅದು ಎಲ್ಲಿಂದ ಬಂತೋ!

ನರ್ಸಮ್ಮ ತಲೆಯೆತ್ತಿ ನೋಡಿ ಖುಷಿಪಟ್ಟರು. "ಅಬ್ಬಾ, ದಿನಕ್ಕೆ ಇಂಥೋರು ಒಬ್ರು ಬಂದ್ರೂ ಸಾಕಪ್ಪ. ಮಿಕ್ಕೋರೆಲ್ಲ ಕೋಳಿ ಕೂಗ್ದಾಗ, ಎಮ್ಮೆ ಬಿಟ್ಟಾಗ ಅಂತಾರೆ." ಏಳು ಹತ್ತು ಅಂತ ಬರೆದುಕೊಂಡರು.

ಮಧ್ಯಾಹ್ನ ಮೂರು ಗಂಟೆಗೆ ಹೆಣ್ಣುಮಗು ಹುಟ್ಟಿತು. ತಲೆತುಂಬ ಕೂದಲು. ಭಾನುವಾರವೆಲ್ಲ ಚೆನ್ನಾಗಿತ್ತು, ಹಾಲು ಕುಡಿಯಿತು. ಸೋಮವಾರ ಬೆಳಗ್ಗೆ ಮೊಲೆ ಬಾಯಿಗಿಟ್ಟರೆ ಹಿಡಿಯಲಿಲ್ಲ. ಉಸಿರಿನ ಜೊತೆಗೆ ಒಂದು ಸಣ್ಣ ನರಳಿಕೆ, ಬೆಕ್ಕಿನ ಮರಿ ಕುಂಯ್‌ಗುಟ್ಟಿದ ಹಾಗೆ. ಅಂಗಾಲು ತಣ್ಣಗೆ. ಅಲ್ಲಿಯ ಡಾಕ್ಟ್ರು ಓಡಿಬಂದು ನೋಡಿ, ಸೋಂಕು ತಗುಲಿದೆ ಅಂದರು. ಮಗುವಿನ ಕಡ್ಡಿಯಂಥ ತೊಡೆಗೆ ಸೂಜಿ ಚುಚ್ಚಿದರು. "ನೀರು ಮುಂಚೇನೇ ಹೋಗಿತ್ತಾ?" ಅಂತ ಕೇಳಿದರು.

ನರ್ಸಮ್ಮ ಹಾಳೆ ನೋಡಿದರು, ನನ್ನನ್ನು ನೋಡಿದರು. "ಇಲ್ಲ ಡಾಕ್ಟ್ರೇ. ಏಳು ಹತ್ತಕ್ಕೆ ಅಲ್ವೇನಮ್ಮಾ?"

"ಹೂಂ," ಅಂದೆ.

ಸಾಯಂಕಾಲದ ಹೊತ್ತಿಗೆ ಮಗು ಹೋಯಿತು. ಅವ್ವ ಬಾಲಗ್ರಹ ಅಂದಳು. ತಲೆಕೂದಲು ನೋಡಿ ಯಾರೋ ಕಣ್ಣು ಹಾಕಿದರು ಅಂದಳು. ನಾನೂ ಹಾಗೆಯೇ ಅಂದುಕೊಂಡೆ. ನಿಜ ಹೇಳುತ್ತೇನೆ, ಮೂರು ವರ್ಷದಲ್ಲಿ ಒಂದು ದಿನವೂ ಆ ನೀರಿಗೂ ಆ ಮಗುವಿಗೂ ಗಂಟು ಹಾಕಿ ಯೋಚನೆ ಮಾಡಲಿಲ್ಲ. ಆಸ್ಪತ್ರೆಯವರು ಕೇಳುವ ನೂರು ಪ್ರಶ್ನೆಯಲ್ಲಿ ಅದೂ ಒಂದು, ಬೈಗುಳ ತಪ್ಪಿಸಿಕೊಂಡೆವು, ಅಷ್ಟೇ ಅಂತಿದ್ದೆ.

ತಂಗಿ ಮತ್ತೆ ಬಸುರಿಯಾದಾಗ ಎಂಬತ್ತರ ದಶಕ ಶುರುವಾಗಿತ್ತು. ಈ ಸಲ ಆ ಮನೆ ಬೇಡ ಅಂತ ಅವಳ ಗಂಡ ಹಟ ಹಿಡಿದ. ನಾನು ಗುಬ್ಬಿಗೆ ಕರೆತಂದೆ. ಅವ್ವನೂ ರಾಗಿಹಿಟ್ಟು, ತುಪ್ಪದ ಡಬ್ಬಿ, ಬಾಣಂತಿ ಖಾರದ ಪುಡಿ ಎಲ್ಲ ಹೊತ್ತುಕೊಂಡು ಬಂದಳು. ಒಂದು ಬುಧವಾರ ಬೆಳಗ್ಗೆ ಆರಕ್ಕೆ ಮುಂಚೆ, ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ತಂಗಿ ಹಾಗೇ ನಿಂತುಬಿಟ್ಟಳು. ಸೀರೆ ಒದ್ದೆ. ನೋವಿಲ್ಲ. ಬುಧವಾರಕ್ಕೆ ಅವ್ವನೂ ಏನೂ ಅಡ್ಡಿ ಹೇಳುವ ಹಾಗಿರಲಿಲ್ಲ. ಮೈದನಿಗೆ, ಅಂದರೆ ತಂಗಿಯ ಗಂಡನಿಗೆ, ಕರೆಂಟು ಆಫೀಸಿಗೆ ಫೋನು ಮಾಡಿಸಿ ತಿಳಿಸಿ, ಬಸ್ಸು ಹಿಡಿದು ಎಂಟು ಗಂಟೆಗೆಲ್ಲ ತುಮಕೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿದ್ದೆವು. ಮೈದ ಬೆಳ್ಳಾವಿಯಿಂದ ಸೈಕಲ್ಲಿನಲ್ಲೇ ನೇರ ಅಲ್ಲಿಗೆ ಬಂದ.

ಡಾಕ್ಟ್ರಮ್ಮ ನಡುವಯಸ್ಸಿನವರು. ಹತ್ತಿ ಸೀರೆ, ಕೈಯಲ್ಲಿ ಬಳೆಯಿಲ್ಲ, ಗಡಿಯಾರ ಒಂದೇ. ತಂಗಿಯನ್ನು ಪರದೆಯ ಹಿಂದೆ ಮಂಚದ ಮೇಲೆ ಮಲಗಿಸಿ ನೋಡಿ, ಥರ್ಮಾಮೀಟರ್ ಇಟ್ಟು, ಹೊರಗೆ ಬಂದರು. "ಮೊದಲನೇದು ಏನಾಯ್ತು?" ಅಂತ ಕೇಳಿದರು.

"ಹೋಯ್ತು," ಅಂದಳು ಅವ್ವ. "ದೃಷ್ಟಿ ಆಗಿತ್ತು."

ಮೈದ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ಅದರೊಳಗೆ ರೇಷನ್ ಕಾರ್ಡು, ಅದರೊಳಗೆ ನಾಲ್ಕು ಮಡಿಕೆ ಮಾಡಿದ ಕುಣಿಗಲ್ ಆಸ್ಪತ್ರೆಯ ಚೀಟಿ. ಅವನು ಅದನ್ನು ಇಟ್ಟುಕೊಂಡಿದ್ದಾನೆ ಅಂತಲೇ ನನಗೆ ಗೊತ್ತಿರಲಿಲ್ಲ.

ಡಾಕ್ಟ್ರಮ್ಮ ಎರಡು ಸಲ ಓದಿದರು. "ನೀರು ಹೋಗಿದ್ದು ಏಳು ಹತ್ತು, ಹೆರಿಗೆ ಮೂರು ಗಂಟೆ. ಎಂಟು ಗಂಟೆ ಹೊತ್ತೂ ಆಗಿಲ್ಲ. ಹಾಗಾದ್ರೆ ಸೋಂಕು ಹುಟ್ಟಿದ ಮೇಲೆ ತಗುಲಿರಬೇಕು, ಹೊಕ್ಕುಳಿನಿಂದಲೋ ಏನೋ. ಈ ಸಲ ಅದನ್ನ ಹುಷಾರಾಗಿ ನೋಡ್ಕೊಳೋಣ. ಮೈ ಸ್ವಲ್ಪ ಬೆಚ್ಚಗಿದೆ, ಬಸ್ಸಿನ ಆಯಾಸ ಇರಬಹುದು. ಕಾಯೋಣ." ಚೀಟಿ ಮಡಿಸಿ ಮೈದನಿಗೆ ವಾಪಸ್ಸು ಕೊಟ್ಟರು.

ಅವರು ಎದ್ದುಬಿಟ್ಟಿದ್ದರು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ನಾನು ಯಾಕೆ ಕೇಳಿದೆನೋ ಗೊತ್ತಿಲ್ಲ. "ನೀರು ಹೋದ ಟೈಮು ಅಷ್ಟೊಂದು ಯಾಕೆ ಬೇಕು ಡಾಕ್ಟ್ರೇ?"

"ನೀರಿನ ಚೀಲ ಇರೋ ತನಕ ಮಗೂಗೆ ಅದೇ ಗೋಡೆ ಇದ್ದಂಗಮ್ಮ. ಒಡೀತು ಅಂದ್ರೆ ಕೆಳಗಿನ ಕ್ರಿಮಿ ಮೇಲೆ ಹತ್ತೋಕೆ ದಾರಿ ಆಯ್ತು. ಹೊತ್ತು ಹೋದಷ್ಟೂ ಜಾಸ್ತಿ. ಕೈಹಾಕಿ ನೋಡಿದಷ್ಟೂ ಜಾಸ್ತಿ. ದಿನಗಟ್ಟಲೆ ಆಗಿದ್ರೆ ನಾವು ಹೆರಿಗೆ ಆಗೋಕ್ಕೆ ಮುಂಚೇನೇ ತಾಯಿಗೆ ಇಂಜೆಕ್ಷನ್ ಶುರು ಮಾಡ್ತೀವಿ. ತಾಯಿ ರಕ್ತದಿಂದ ಮಗೂಗೂ ತಲುಪುತ್ತೆ. ಹುಟ್ಟಿ, ಕಾಯಿಲೆ ಬಿದ್ದ ಮೇಲೆ ಓಡಾಡಿದ್ರೆ ಎಷ್ಟೋ ಸಲ ಕೈಗೆ ಸಿಗಲ್ಲ."

ಮೇಜಿನ ಅಂಚು ಹಿಡಿದುಕೊಂಡೆ. ಅಟ್ಟದ ಬುಟ್ಟಿ, ಬೆರಣಿಯ ಕೈ, ಎಣ್ಣೆ ಬಟ್ಟಲು, ಒಂದೊಂದಾಗಿ ಕಣ್ಣ ಮುಂದೆ ಬಂತು. ಯಾವುದೂ ಮಸುಕಾಗಿರಲಿಲ್ಲ. ದಿನದಿನದ ಸಣ್ಣಪುಟ್ಟದ್ದೆಲ್ಲ ನೆನಪಿಟ್ಟುಕೊಳ್ಳುವ ನನ್ನ ಬುದ್ಧಿ ಆವತ್ತು ನನ್ನನ್ನೇ ಕಚ್ಚಿತು.

"ಚೀಟೀಲಿರೋದು ಸುಳ್ಳು ಡಾಕ್ಟ್ರೇ," ಅಂದೆ.

"ಏನು?"

"ನೀರು ಹೋಗಿದ್ದು ಹಿಂದಿನ ದಿನ ಬೆಳಗ್ಗೆ."

ಅವ್ವ ನನ್ನ ತೋಳು ಹಿಡಿದು ಜಗ್ಗಿದಳು. "ಏ, ಸುಮ್ನಿರೇ! ಹಳೇ ರಾಮಾಯ್ಣ ಎಲ್ಲ ಯಾಕೀಗ? ಇವ್ಳಿಗೆ ನೆಪ್ಪಿಲ್ಲ ಕಣವ್ವ, ಬೆಳಗ್ಗೇನೇ ಹೋಗಿದ್ದು, ಬರೆದವ್ರಲ್ಲ."

ಡಾಕ್ಟ್ರಮ್ಮ ಇಬ್ಬರನ್ನೂ ನೋಡಿದರು. "ಯಾವುದಮ್ಮ ನಿಜ? ನಂಗೆ ಒಂದೇ ಬೇಕು. ಇದರ ಮೇಲೆ ಒಳಗಿರೋಳಿಗೆ ಏನು ಮಾಡಬೇಕು ಅನ್ನೋದು ನಿಂತಿದೆ."

"ಬರೆಸಿದ್ದು ನಾನು. ಸುಳ್ಳು ಹೇಳಿ ಬರೆಸಿದೆ. ಶುಕ್ರವಾರ ಆರು ಗಂಟೆಗೆ ಹೋಗಿತ್ತು, ಹೆರಿಗೆ ಆಗಿದ್ದು ಶನಿವಾರ ಮೂರಕ್ಕೆ. ನಡುವೆ ಊರಿನ ಸೂಲಗಿತ್ತಿ ಎರಡು ಸಲ ಕೈಹಾಕಿ ನೋಡಿದ್ಲು."

"ಮೂವತ್ತಮೂರು ಗಂಟೆ," ಅಂದರು ಡಾಕ್ಟ್ರಮ್ಮ. "ಅಲ್ರೀ, ನೀವು ಓದಿದೋರು ತಾನೆ?"

ನಾನು ಬೇರೆಯೇ ಕೇಳಿದೆ. "ಆ ಇಂಜೆಕ್ಷನ್ ಕುಣಿಗಲ್ಲಲ್ಲಿ ಇರ್ತಿತ್ತಾ?"

"ಪೆನಿಸಿಲಿನ್ ಎಲ್ಲಿರಲ್ಲಮ್ಮ? ಅಲ್ಲೇ ಬೀರುನಲ್ಲೇ ಇರುತ್ತೆ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಕೊಟ್ಟಿದ್ರೆ ಉಳಿದೇ ಉಳೀತಿತ್ತು ಅಂತ ನಾನು ಹೇಳಲ್ಲ. ಕೊಡೋ ಅವಕಾಶ ಅವ್ರಿಗೆ ಸಿಗಲಿಲ್ಲ, ಅಷ್ಟೇ," ಅಂದರು.

ಆ ಬೀರು ನಾನು ನೋಡಿದ್ದೆ. ನರ್ಸಮ್ಮ ನನ್ನನ್ನು ಹೊಗಳಿದಾಗ ಅದು ಅವರ ಹಿಂದೆಯೇ ಇತ್ತು. ಗಾಜಿನ ಬಾಗಿಲು, ಒಳಗೆ ಸಾಲಾಗಿ ರಬ್ಬರ್ ಮುಚ್ಚಳದ ಸಣ್ಣ ಬಾಟಲಿಗಳು.

ಡಾಕ್ಟ್ರಮ್ಮ ಆಗಲೇ ಚೀಟಿ ಬರೆಯುತ್ತಿದ್ದರು. "ಇವತ್ತಿಂದು ಎರಡೇ ಗಂಟೆ ಆಗಿದ್ರೂ ನಾನಿನ್ನು ಕಾಯಲ್ಲ. ಹಿಂದಿನ ಮಗು ಹಾಗೆ ಹೋಗಿದೆ, ಇವಳ ಮೈ ಬೇರೆ ಬಿಸಿ ಆಗ್ತಿದೆ. ಎದುರುಗಡೆ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತೆ, ತಗೊಂಡ್ ಬನ್ನಿ."

ಮೈದ ಆ ಹಳೇ ಚೀಟಿಯನ್ನು ಕೈಯಲ್ಲಿ ಬಿಡಿಸಿ ಹಿಡಿದುಕೊಂಡೇ ನಿಂತಿದ್ದ. "ಮೂರು ವರ್ಷದಿಂದ ಇದನ್ನ ಜೋಪಾನ ಮಾಡಿದ್ನಲ್ಲ ಅತ್ತಿಗೆ," ಅಂದ. ಔಷಧಿ ತರಲು ಓಡಿದ.

ಸಿಸ್ಟರ್ ಮೊದಲು ತಂಗಿಯ ಮುಂಗೈಯಲ್ಲಿ ಚೂರೇ ಚೂರು ಔಷಧಿ ಚುಚ್ಚಿ, ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಗೆರೆ ಎಳೆದರು. ಅದು ಕೆಂಪಗೆ ಊದಿಕೊಂಡರೆ ಈ ಔಷಧಿ ಆಗುವುದಿಲ್ಲ, ಅರ್ಧ ಗಂಟೆ ನೋಡಬೇಕು ಅಂದರು. ನಾನು ಪಕ್ಕದಲ್ಲಿ ಕೂತೆ. ಪರದೆ ಬಟ್ಟೆಯದು, ಆಚೆ ಆಡಿದ್ದೆಲ್ಲ ಈಚೆ ಕೇಳಿತ್ತು. ತಂಗಿ ಆ ಗೆರೆಯನ್ನೇ ನೋಡುತ್ತಿದ್ದಳು.

"ಅಕ್ಕಾ," ಅಂದಳು, "ನೀನು ಆವತ್ತು ರೇಡಿಯೋ ಅಂದೆ ನೋಡು, ಆ ನೋವಲ್ಲೂ ನಂಗೆ ನಗು ಬಂದಿತ್ತು. ನಮ್ಮಕ್ಕ ಎಷ್ಟು ಚೆನ್ನಾಗಿ ಸುಳ್ಳು ಹೇಳ್ತಾಳೆ ಅಂತ. ಆಮೇಲೂ ಎಷ್ಟೋ ಸಲ ನೆನೆಸ್ಕೊಂಡು ಒಬ್ಬಳೇ ನಕ್ಕಿದೀನಿ. ಆ ಮೂರು ದಿನದಲ್ಲಿ ನಗೋಕೆ ಅಂತ ಇದ್ದಿದ್ದು ಅದೊಂದೇ."

ನನಗೆ ಅವಳು ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಗೆರೆಯೊಳಗೆ ಏನೂ ಊದಲಿಲ್ಲ. ಸಿಸ್ಟರ್ ನಿಧಾನವಾಗಿ ನರಕ್ಕೆ ಇಂಜೆಕ್ಷನ್ ಕೊಟ್ಟರು. ಹತ್ತು ಗಂಟೆಗೆ ಜ್ವರ ನೂರು ಮುಟ್ಟಿತು. ಡಾಕ್ಟ್ರಮ್ಮ ಥರ್ಮಾಮೀಟರ್ ಜಾಡಿಸುತ್ತಾ, "ಹಳೇ ಚೀಟಿ ನಂಬಿದ್ರೆ ಇದನ್ನ ಆಯಾಸ ಅಂತ್ಲೇ ಅಂದ್ಕೋತಿದ್ದೆ," ಅಂತ ತಮಗೆ ತಾವೇ ಹೇಳಿಕೊಂಡರು. ನೋವು ಬರಲೆಂದು ಡ್ರಿಪ್ ಹಾಕಿದರು. ಸುಮ್ಮಸುಮ್ಮನೆ ಯಾರೂ ಮುಟ್ಟಿ ನೋಡಕೂಡದು ಅಂತ ಕಟ್ಟಪ್ಪಣೆ ಮಾಡಿದರು. ಮಧ್ಯಾಹ್ನ ಇನ್ನೊಂದು ಇಂಜೆಕ್ಷನ್.

ಹೊರಗೆ ಬೆಂಚಿನ ಮೇಲೆ ಅವ್ವ ಕೂತಿದ್ದಳು. ಊಟ ತಂದುಕೊಟ್ಟರೆ ಮುಟ್ಟಲಿಲ್ಲ. "ನಿನ್ನ ಹೆತ್ತಾಗ ಏನೂ ಆಗ್ಲಿಲ್ವಲ್ಲೇ," ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಅಂದಳು. ನಾಲ್ಕನೇ ಸಲ ಅನ್ನುವಾಗ ದನಿ ಒಡೆಯಿತು. "ಏನೂ ಆಗ್ಲಿಲ್ವಲ್ಲ ಅಂತ್ಲೇ ಕಣೇ ನಾನು..." ಅಷ್ಟಕ್ಕೇ ನಿಲ್ಲಿಸಿ, ಸೆರಗು ಬಾಯಿಗೆ ತುರುಕಿಕೊಂಡಳು. ಅವಳನ್ನು ಬೈಯಬೇಕು ಅಂತ ಬೆಳಗಿನಿಂದ ಕೂಡಿಟ್ಟುಕೊಂಡಿದ್ದ ಮಾತೆಲ್ಲ ನನ್ನ ಹತ್ತಿರವೇ ಉಳಿಯಿತು. ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲದಿದ್ದವಳು ಕೇಳಿದ್ದಕ್ಕೆ ನಿಜವನ್ನಾದರೂ ಹೇಳಬೇಕಿತ್ತು.

ಸಾಯಂಕಾಲ ಐದೂವರೆಗೆ ಮಗು ಹುಟ್ಟಿತು. ಈ ಸಲವೂ ಹೆಣ್ಣು. ಅತ್ತ ದನಿ ಕೇಳಿ ಅವ್ವ ಎದ್ದು ನಿಂತಳು, ಮೈದ ಗೋಡೆಗೆ ಒರಗಿದ. ನನಗೆ ಮಾತ್ರ ಸಂತೋಷವಾಗಲಿಲ್ಲ. ಆ ಮಗುವೂ ಹೀಗೆಯೇ ಅತ್ತಿತ್ತು, ಒಂದು ದಿನ ಚೆನ್ನಾಗಿಯೇ ಹಾಲು ಕುಡಿದಿತ್ತು. ಡಾಕ್ಟ್ರಮ್ಮನೂ ಬಾಯಿಬಿಟ್ಟು ಹೇಳಿದರು. "ಮೂರು ದಿನ ಕಳೀಲಿ. ಹಾಲು ಕುಡಿಯೋದು ಒಂದ್ಸಲ ಕಮ್ಮಿ ಆದ್ರೂ ನನಗೆ ಹೇಳಬೇಕು. ಹೊತ್ತು ನೋಡಿ ಇಟ್ಕೊಳ್ಳಿ."

ಗುರುವಾರ ಇಡೀ ದಿನ ನಾನು ಮಗುವಿನ ಅಂಗಾಲು ಮುಟ್ಟಿಮುಟ್ಟಿ ನೋಡಿದೆ. ಸಿಸ್ಟರ್ ಬೈದರು. "ಕೈ ತೊಳ್ಕೊಂಡು ಬನ್ನಿ ಮೊದ್ಲು. ಅದನ್ನೇನು ಬದನೇಕಾಯಿ ಒತ್ತಿ ನೋಡ್ದಂಗೆ ನೋಡ್ತೀರಿ?" ಶುಕ್ರವಾರ ಬೆಳಗ್ಗೆ ಮಗು ಬಹಳ ಹೊತ್ತು ಮಲಗಿತು. ಕೆನ್ನೆ ತಟ್ಟಿದರೂ ಕಣ್ಣು ಬಿಡಲಿಲ್ಲ. ತಂಗಿ ಮೊಲೆ ಇಟ್ಟರೆ ತುಟಿ ಅಲ್ಲಾಡಿಸಿ ಬಿಟ್ಟುಬಿಟ್ಟಿತು. ಹೋಗಿ ಸಿಸ್ಟರನ್ನು ಕರೆತಂದೆ. ಡಾಕ್ಟ್ರಮ್ಮನೂ ಹಿಂದೆಯೇ ಬಂದರು.

"ಕೊನೇ ಸಲ ಸರಿಯಾಗಿ ಕುಡಿದಿದ್ದು ಎಷ್ಟು ಹೊತ್ತಿಗೆ?" ಅಂತ ಕೇಳಿದರು.

ಅವರು ಕೇಳಿದ್ದು ನನ್ನ ಮುಖ ನೋಡಿ. ಎಲ್ಲರೂ ಯಾವಾಗಲೂ ನನ್ನನ್ನೇ ಕೇಳುವುದು. ನಾನು ಬಾಯಿ ತೆರೆದೆ.

"ನಾನು ಹೇಳ್ತೀನಿ," ಅಂದಳು ತಂಗಿ. ನನ್ನ ಕಡೆ ತಿರುಗದೆ, ಒಂದು ಕೈಯನ್ನು ನನಗೆ ಅಡ್ಡ ಚಾಚಿದ್ದಳು. "ಆರು ಗಂಟೆಗೆ ಇರಬೇಕು, ಸರಿಯಾಗಿ ಗೊತ್ತಿಲ್ಲ ಡಾಕ್ಟ್ರೇ. ಕುಡಿಸ್ತಾ ಕುಡಿಸ್ತಾ ನಂಗೇ ನಿದ್ದೆ ಬಂದ್ಬಿಟ್ಟಿತ್ತು. ಎಷ್ಟು ಕುಡೀತೋ ನೋಡ್ಲಿಲ್ಲ. ತಪ್ಪಾಯ್ತು."

"ತಪ್ಪೇನಿಲ್ಲ. ಹೀಗೆ ಹೇಳಿದ್ರೆ ಸಾಕು," ಅಂದರು ಡಾಕ್ಟ್ರಮ್ಮ. ಎದೆಗೆ ಸ್ಟೆತಸ್ಕೋಪ್ ಇಟ್ಟು, ಹೊಟ್ಟೆ ಮುಟ್ಟಿ, ಜ್ವರ ನೋಡಿದರು. ಬಟ್ಟೆಯೆಲ್ಲ ಬಿಚ್ಚಿ ಅಂಗಾಲಿಗೆ ಬೆರಳಿನಿಂದ ಪಟ್ ಅಂತ ಒಂದು ಕೊಟ್ಟರು. ಮಗು ಕೆಂಪಗಾಗಿ, ಮುಷ್ಟಿ ಬಿಗಿದು, ಇಡೀ ವಾರ್ಡು ತಿರುಗಿ ನೋಡುವ ಹಾಗೆ ಕಿರುಚಿತು.

"ಏನೂ ಆಗಿಲ್ಲ ಇವಳಿಗೆ, ನಿದ್ದೆ ಕೆಡಿಸಿದ್ದಕ್ಕೆ ಕೋಪ," ಅಂದರು. "ಈಗ ಕುಡ್ಸಿ."

ತಂಗಿ ಕುಡಿಸಿದಳು. ಮಗು ಗುಟುಕು ಗುಟುಕಾಗಿ ನುಂಗುವ ಸದ್ದು ನಾನು ನಿಂತಿದ್ದಲ್ಲಿಗೂ ಕೇಳುತ್ತಿತ್ತು. ಡಾಕ್ಟ್ರಮ್ಮ ಹೋದರು. ತಂಗಿ ಅಡ್ಡ ಚಾಚಿದ್ದ ಕೈ ಇನ್ನೂ ಹಾಗೆಯೇ ಇತ್ತು. ಅದು ನೋಯುತ್ತಿದೆ ಅಂತ ಅವಳಿಗೆ ಆಮೇಲೆ ಗೊತ್ತಾಗಿರಬೇಕು, ತೆಗೆದು ಮಗುವಿನ ಬೆನ್ನ ಮೇಲೆ ಇಟ್ಟುಕೊಂಡಳು.

ಮೈದನಿಗೆ ಗುಬ್ಬಿಗೆ ವರ್ಗವಾಗಿ, ಆ ಹುಡುಗಿ ಈಗ ನಮ್ಮ ಮನೆಯವರ ಸ್ಕೂಲಿಗೇ ಬರುತ್ತಾಳೆ. ತಂಗಿ ನನ್ನ ಜೊತೆ ಎಲ್ಲ ಮಾತೂ ಆಡುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ, ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಆಡಿಕೊಳ್ಳುತ್ತಾಳೆ. ಆದರೆ ಆಸ್ಪತ್ರೆಗೆ ಹೋಗುವುದಿದ್ದರೆ, ಮಗುವಿಗೆ ಬರೀ ನೆಗಡಿಯಾಗಿದ್ದರೂ, ನನ್ನನ್ನು ಜೊತೆಗೆ ಕರೆಯುವುದಿಲ್ಲ. ನಾನೂ ಬರುತ್ತೇನೆ ಅಂತ ಹೇಳುವುದಿಲ್ಲ.